ಪೆಡಲ್ ಮೇಲಿನ ತಗಡು

ಬ್ರೇಕ್ ಒತ್ತಿದೆ ಎಂದುಕೊಂಡೆ. ಒತ್ತಿರಲಿಲ್ಲ.

ಆಫೀಸಿನಿಂದ ಮನೆಗೆ ಬರುತ್ತಿದ್ದೆ. ಸಿಗ್ನಲ್ ಕೆಂಪಾಗಿತ್ತು, ಮುಂದೆ ಒಂದು ಇ-ರಿಕ್ಷಾ ನಿಂತಿತ್ತು. ಎಂದಿನಂತೆ ಬಲಗಾಲು ಎತ್ತಿ ಬ್ರೇಕಿನ ಮೇಲಿಟ್ಟೆ, ಇಟ್ಟೆನೆಂದೇ ನಂಬಿದ್ದೆ. ಕಾರು ನಿಧಾನವಾಗಿ ಹೋಗಿ ಇ-ರಿಕ್ಷಾದ ಹಿಂಬದಿಗೆ ತಾಗಿತು. ಗಾಬರಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಯಾರಿಗೂ ಏನೂ ಆಗಲಿಲ್ಲ. ರಿಕ್ಷಾದವನು ಇಳಿದು ಬಂದು ನನ್ನ ಕಣ್ಣು ಎಲ್ಲಿದೆ ಎಂದು ಮರಾಠಿಯಲ್ಲಿ ವಿಚಾರಿಸಿದ. ನಾನು ಕಾಲನ್ನು ನೋಡುತ್ತಿದ್ದೆ. ಅದು ಬ್ರೇಕಿನ ಪಕ್ಕದಲ್ಲಿ ಮ್ಯಾಟಿನ ಮೇಲೆ ಬಿದ್ದಿತ್ತು, ಬೇರೆ ಯಾರದೋ ಕಾಲಿನ ಹಾಗೆ.

ನಮ್ಮ ಓಣಿಯ ಡಾಕ್ಟರು, "ಟೆನ್ಶನ್ ಮ್ಯಾಡಮ್, ನಾಲ್ಕು ದಿನ ರಜೆ ಹಾಕಿ" ಎಂದು ವಿಟಮಿನ್ ಬರೆದುಕೊಟ್ಟರು. ಅವರ ಹೆಸರು ನನ್ನ ಪಟ್ಟಿಯಲ್ಲಿದೆ. ಪಟ್ಟಿಯ ವಿಷಯ ಆಮೇಲೆ ಹೇಳುತ್ತೇನೆ.

ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದೆ. ಹೊಕ್ಕುಳಿನ ಕೆಳಗೆ ನಾನು ಇರಲಿಲ್ಲ.

ರಾಮದಾಸಪೇಠದ ಆಸ್ಪತ್ರೆಯಲ್ಲಿ MRI ಆಯಿತು. "Transverse myelitis," ಎಂದರು ನ್ಯೂರಾಲಜಿಸ್ಟ್. ಬೆನ್ನುಹುರಿಗೆ ಉರಿಯೂತ. ನನ್ನ ರೋಗನಿರೋಧಕ ಶಕ್ತಿಯೇ ನನ್ನ ಮೇಲೆ ತಿರುಗಿ ಬಿದ್ದಿತ್ತು. ಸ್ಟೀರಾಯ್ಡ್ ಕೊಟ್ಟರು, ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಿದರು. ಕೆಲವರು ಪೂರ್ತಿ ಎದ್ದು ಓಡಾಡುತ್ತಾರೆ, ಕೆಲವರು ಅರ್ಧ ಚೇತರಿಸಿಕೊಳ್ಳುತ್ತಾರೆ, ಕೆಲವರಿಗೆ ಏನೂ ಮರಳುವುದಿಲ್ಲ, ನಿಮ್ಮದು ಯಾವುದು ಎನ್ನುವುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ ಎಂದು ಸುತ್ತುಬಳಸದೆ ಹೇಳಿದರು. ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ.

ಆರು ತಿಂಗಳಲ್ಲಿ ಗೊತ್ತಾಯಿತು. ನಾನು ಮೂರನೆಯ ಗುಂಪು.

ನಾವು ಹಾವೇರಿ ಕಡೆಯವರು, ನಾಗಪುರಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆಯವರು ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಕೆಲಸದವರು. ಅವರ ಅಣ್ಣ, ಅಂದರೆ ನನ್ನ ಭಾವ ರಾಘವೇಂದ್ರ, ಕಳಮನಾ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲ್ಲಾಳಿ. ಬ್ಯಾಡಗಿ ಮೆಣಸಿನಕಾಯಿ ತರಿಸಿ ಇಲ್ಲಿನ ಮಸಾಲೆಯವರಿಗೆ ಮಾರುತ್ತಾರೆ. ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅವರ ಮನೆ. ಅವರಿಗಿದ್ದದ್ದು ಒಂದು ಸ್ಕೂಟರ್. ನನಗಿದ್ದದ್ದು ಒಂದು ಕಾರು, ಗೇರ್ ಬದಲಿಸುವ ಗೋಜಿಲ್ಲದ ಆಟೋಮ್ಯಾಟಿಕ್.

ನಾನು ICUನಲ್ಲಿದ್ದಾಗಲೇ ಕಾರಿನ ಕೀ ಭಾವನವರ ಜೇಬು ಸೇರಿತು. ಇವರ ಶಿಫ್ಟ್ ತಪ್ಪಿಸುವ ಹಾಗಿರಲಿಲ್ಲ, ಆಸ್ಪತ್ರೆಗೆ ಓಡಾಡಲು ಯಾರಾದರೂ ಬೇಕಿತ್ತು. ಡಿಸ್ಚಾರ್ಜ್ ಆದ ಮೇಲೆ ನನ್ನನ್ನು ದಿನಾ ಫಿಸಿಯೋಥೆರಪಿಗೆ ಕರೆದೊಯ್ದವರೂ ಅವರೇ. ಬಂದವರೆಲ್ಲ "ದೇವರಂಥ ಭಾವ" ಎಂದರು. ದೇವರು ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಆಸ್ಪತ್ರೆಯಲ್ಲಿ ಇಳಿಸಿ ಕಳಮನಾಕ್ಕೆ ಹೋಗುತ್ತಿದ್ದರು. ಹನ್ನೊಂದಕ್ಕೆ ಮುಗಿಯುವ ಫಿಸಿಯೋಥೆರಪಿಗೆ ಒಂದೂವರೆಗೆ ಬರುತ್ತಿದ್ದರು. ಡಿಕ್ಕಿಯಲ್ಲಿ ಮೆಣಸಿನಕಾಯಿಯ ಸ್ಯಾಂಪಲ್ ಚೀಲಗಳು. ಬಾಗಿಲು ತೆಗೆದರೆ ಘಾಟು. ಹೊಟ್ಟೆಯ ಸ್ನಾಯುಗಳಲ್ಲಿ ಬಲವಿಲ್ಲದವರಿಗೆ ಸೀನು ಎಂದರೆ ಏನೆಂದು ಬೇರೆಯವರಿಗೆ ತಿಳಿಯುವುದಿಲ್ಲ. ಒಂದೊಂದು ಸೀನಿಗೂ ನಾನು ಮುಂದಕ್ಕೆ ಮುಗ್ಗರಿಸಿ ಡ್ಯಾಶ್‌ಬೋರ್ಡಿಗೆ ಹಣೆ ಬಡಿದುಕೊಳ್ಳುತ್ತಿದ್ದೆ.

"ಸ್ವಲ್ಪ ಗಟ್ಟಿ ಕೂಡು," ಎನ್ನುತ್ತಿದ್ದರು ಭಾವ.

ಒಂದು ದಿನ ಕಚೇರಿಯಿಂದ ಫೋನ್ ಬಂತು. ಮೆಡಿಕಲ್ ಕಾರಣದ ಮೇಲೆ ನಿವೃತ್ತಿ ಕೇಳುವ ಫಾರ್ಮ್ ಕಳಿಸಿದ್ದೇವೆ, ಸಹಿ ಮಾಡಿ ಕಳಿಸಿ ಎಂದರು ನನ್ನ ಮೇಲಧಿಕಾರಿ. ನಾನು ಕೇಳಿಲ್ಲವಲ್ಲ ಎಂದೆ. ನಿಮ್ಮ ಜೇಠ್‌ಜೀ ಬಂದು ಹೇಳಿ ಹೋದರಲ್ಲ, ಇನ್ನು ನೀವು ಬರುವುದಿಲ್ಲ ಅಂತ, ಎಂದರು.

ಜೇಠ್‌ಜೀ ಎಂದರೆ ಭಾವ. ಅವರು ಅದನ್ನು ಮುಚ್ಚಿಡಲಿಲ್ಲ. "ನಿನ್ನ ಒಳ್ಳೇದಕ್ಕ ಹೇಳೇನಿ ಸುನಂದಾ. ಈ ಸ್ಥಿತಿಯಾಗ ನೌಕರಿ ಯಾಕ ಬೇಕವ್ವಾ? ಮನ್ಯಾಗ ಆರಾಮ ಇರು. ಎಲ್ಲಿ ಹೋಗೂದಿದ್ರೂ ನಾ ಅದೀನಲ್ಲ."

"ನನ್ನ ಒಂದು ಮಾತ ಕೇಳಬೇಕಿತ್ತಲ್ರಿ?"

"ಕೇಳೂದೇನೈತಿ? ದಿನಾ ಆಫೀಸಿಗೆ ಹೆಂಗ ಹೋಗ್ತಿ ನೀ?"

ಸಂಜೆ ಇವರ ಮುಂದೆ ಅತ್ತು ಕೂಗಾಡಿದೆ. "ಅಣ್ಣಗ ಏನಂತ ಹೇಳಲಿ? ದಿನಾ ಅಂವಾನ ಕರ್ಕೊಂಡು ಹೋಗ್ತಾನಲ್ಲ," ಎಂದು ಇವರು ಗೋಡೆಗೆ ಹೇಳಿದ ಹಾಗೆ ಹೇಳಿದರು.

ಆವತ್ತಿನಿಂದ ಪಟ್ಟಿ ಶುರುವಾಯಿತು. ಫಿಸಿಯೋ ಹಾಲಿನಲ್ಲಿ ಕೈಯ ಬಲಕ್ಕಾಗಿ ಡಂಬೆಲ್ ಎತ್ತಿಸುತ್ತಿದ್ದರು. ಒಂದು ಸಲ ಎತ್ತಿದರೆ ಒಬ್ಬರ ಹೆಸರು ಹೇಳಿಕೊಳ್ಳುತ್ತಿದ್ದೆ. ವಿಟಮಿನ್ ಬರೆದ ಡಾಕ್ಟರು. ನನ್ನೆದುರೇ "ಇನ್ನೂ ಎಷ್ಟು ದಿನ ಹೀಗೆ?" ಎಂದು ಇವರನ್ನು ಕೇಳಿದ ಪಕ್ಕದ ಮನೆಯಾಕೆ. ನನ್ನ ಕುರ್ಚಿಗೆ ಆಗಲೇ ಬೇರೆ ಕುಶನ್ ಹಾಕಿಸಿಕೊಂಡ ಸಹೋದ್ಯೋಗಿ. ಕೀ ಕೊಟ್ಟ ಗಂಡ. ಮತ್ತೆ ಭಾವ, ಭಾವ, ಭಾವ. ಥೆರಪಿಸ್ಟ್ ಹುಡುಗಿ "ಆಂಟಿ, ಎಷ್ಟು ಚೆನ್ನಾಗಿ ಮೋಟಿವೇಟ್ ಆಗಿದ್ದೀರಿ" ಎಂದಳು. ಹೌದಮ್ಮಾ ಎಂದೆ.

ಆ ಹಾಲಿನಲ್ಲೇ ವಸಂತರಾವ್ ಸಿಕ್ಕರು. ಅರವತ್ತು ದಾಟಿದವರು. ಚಿಕ್ಕಂದಿನ ಪೋಲಿಯೋದಿಂದ ಎರಡೂ ಕಾಲು ಸಣಕಲು, ಭುಜದ ನೋವಿಗೆ ಬರುತ್ತಿದ್ದರು. ಒಂದು ಮಧ್ಯಾಹ್ನ ಭಾವನವರಿಗೆ ಕಾಯುತ್ತ ಕೂತಿದ್ದೆ. ನಿಮ್ಮನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂದು ಅವರನ್ನು ಕೇಳಿದೆ. ನಕ್ಕರು. ಯಾರೂ ಬರುವುದಿಲ್ಲ, ನಾನೇ ಕಾರು ಓಡಿಸುತ್ತೇನೆ ಎಂದು ಮರಾಠಿಯಲ್ಲಿ ಹೇಳಿ, ನನ್ನನ್ನು ಪಾರ್ಕಿಂಗಿಗೆ ಕರೆದೊಯ್ದು ತೋರಿಸಿದರು.

ಸ್ಟೀರಿಂಗಿನ ಕೆಳಗೆ ಒಂದು ಸರಳು. ಮುಂದಕ್ಕೆ ತಳ್ಳಿದರೆ ಬ್ರೇಕ್, ತನ್ನ ಕಡೆ ಎಳೆದರೆ ಆಕ್ಸಿಲರೇಟರ್. ಸ್ಟೀರಿಂಗಿಗೆ ಒಂದು ಗುಬುಟು, ಒಂದೇ ಕೈಯಲ್ಲಿ ತಿರುಗಿಸಲು. ಇಷ್ಟೇ. ಕಾಲಿಗೆ ಕೆಲಸವೇ ಇಲ್ಲ. ಅವರೇ ತಮ್ಮ ಶೆಡ್ಡಿನಲ್ಲಿ ಇದನ್ನು ಬೇರೆಯವರ ಗಾಡಿಗಳಿಗೂ ಕೂಡಿಸಿಕೊಡುತ್ತಿದ್ದರು. ನಾನು ಆ ಸರಳನ್ನು ಹಿಡಿದು ಬಿಡಲಿಲ್ಲ. ಒಂದು ವರ್ಷದಲ್ಲಿ ಮೊದಲ ಸಲ ನನಗೆ ಹಸಿವಾಯಿತು.

ಇವರ ವಾರದ ರಜೆಯ ದಿನ, ಅಣ್ಣನಿಗೆ ಸರ್ವಿಸಿಂಗ್ ಎಂದು ಹೇಳಿ ಕೀ ಇಸಿದುಕೊಂಡು ಬರಲು ಇವರಿಗೆ ತಾಕೀತು ಮಾಡಿದೆ. ತಂದರು. ನಾವಿಬ್ಬರೂ ವಸಂತರಾವ್ ಶೆಡ್ಡಿಗೆ ಹೋದೆವು. ಅವರು ಅಳತೆ ತೆಗೆದುಕೊಂಡು ಒಂದು ಪ್ರಶ್ನೆ ಕೇಳಿದರು. ಕಾಲಿಗೆ ಸ್ಪರ್ಶ ಇಲ್ಲದವರಿಗೆ ಪೆಡಲ್ ಮೇಲೆ ಒಂದು ರಕ್ಷಣೆ ಬೇಕು, ಸೆಳೆತ ಬಂದಾಗ ಕಾಲು ತಾನಾಗಿ ಆಕ್ಸಿಲರೇಟರ್ ತುಳಿಯಬಾರದು. ಮಡಚುವಂಥದ್ದು ಹಾಕಿದರೆ ಮನೆಯವರೂ ಎಂದಿನಂತೆ ಕಾಲಿನಿಂದ ಓಡಿಸಬಹುದು. "ಘರ್ ಮೇ ಔರ್ ಕೋಯಿ ಚಲಾತಾ ಹೈ?" ಮನೆಯಲ್ಲಿ ಬೇರೆ ಯಾರಾದರೂ ಓಡಿಸುತ್ತಾರಾ ಎಂದರು.

"ಯಾರೂ ಇಲ್ಲ," ಎಂದೆ. "ಎರಡೂ ಪೆಡಲ್ ಪೂರ್ತಿ ಮುಚ್ಚಿಬಿಡಿ."

ಇವರು ತಲೆ ಎತ್ತಿದರು.

"ಯೋಚನೆ ಮಾಡಿ ಮ್ಯಾಡಮ್. ತುರ್ತು ಬಂದರೆ?" ಎಂದರು ವಸಂತರಾವ್.

"ತುರ್ತು ಬಂದರೆ ನಾನು ಇದ್ದೇನೆ."

ಇವರಿಗೂ ಓಡಿಸಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ವಸಂತರಾವ್ ದಪ್ಪ ತಗಡು ಕತ್ತರಿಸಿ ಮೂರು ಮಗ್ಗುಲಿಗೂ ಬೋಲ್ಟ್ ಬಿಗಿದರು. ಒಂದೊಂದು ಬೋಲ್ಟ್ ತಿರುಗಿದಾಗಲೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾಚಿಕೆ ಏನೂ ಆಗಲಿಲ್ಲ.

ಸಂಜೆ ವಸಂತರಾವ್ ತಾವೇ ಕಾರು ಓಡಿಸಿಕೊಂಡು ಬಂದು ನಮ್ಮನ್ನು ಮನೆಗೆ ಮುಟ್ಟಿಸಿದರು. ಮರುದಿನ ಭಾವನವರು ಬಂದರು. ತಮ್ಮಲ್ಲಿದ್ದ ಇನ್ನೊಂದು ಕೀಯಿಂದ ಬಾಗಿಲು ತೆಗೆದು ಒಳಗೆ ಕೂತರು. ನಾನು ಕಿಟಕಿಯ ಹತ್ತಿರ ಗಾಲಿಕುರ್ಚಿ ತಂದುಕೊಂಡು ಕಾಯುತ್ತಿದ್ದೆ. ಎಂಜಿನ್ ಶುರುವಾಯಿತು. ನಿಂತಿತು. ಬಗ್ಗಿ ನೋಡಿದರು. ತಗಡಿಗೆ ಚಪ್ಪಲಿ ಬಡಿಯುವ ಸದ್ದು ನನ್ನವರೆಗೂ ಕೇಳಿಸಿತು. ಎದುರು ಮನೆಯವರೂ ಗೇಟಿಗೆ ಬಂದು ನಿಂತರು.

"ಸುನಂದಾ! ಬ್ರೇಕ್ ಎಲ್ಲೈತಿ ಇದರಾಗ?"

"ನನ್ನ ಕೈಯಾಗ ಐತ್ರಿ, ಭಾವಾರ."

ಆ ದಿನ ಕಳಮನಾಕ್ಕೆ ಅವರು ಸ್ಕೂಟರಿನಲ್ಲಿ ಹೋದರು.

ಕಲಿಯಲು ಒಂದೂವರೆ ತಿಂಗಳು ಬೇಕಾಯಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಕೈಗೆ ಕಾಲಿನ ಬುದ್ಧಿ ಕಲಿಸುವುದು ಸುಲಭವಲ್ಲ. ಖಾಲಿ ಮೈದಾನದಲ್ಲಿ ವಸಂತರಾವ್ ಪಕ್ಕದಲ್ಲಿ ಕೂತು "ಹಳೂ, ಹಳೂ", ನಿಧಾನ, ನಿಧಾನ, ಎನ್ನುತ್ತಿದ್ದರು. ನಾನು ತಳ್ಳುವ ಬದಲು ಎಳೆದು ಎರಡು ಸಲ ಕಲ್ಲಿನ ರಾಶಿ ಹತ್ತಿಸಿದೆ. ಗಾಲಿಕುರ್ಚಿಯಿಂದ ಹಲಗೆಯ ಮೇಲೆ ಜಾರಿ ಸೀಟಿಗೆ ಬರುವುದು, ಕುರ್ಚಿಯ ಚಕ್ರ ಕಳಚುವುದು, ಬಿಡಿಭಾಗಗಳನ್ನು ನನ್ನ ಮೇಲಿಂದಲೇ ಎತ್ತಿ ಪಕ್ಕದ ಸೀಟಿಗೆ ಹಾಕುವುದು, ಇದಕ್ಕೇ ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಮೇ ತಿಂಗಳ ನಾಗಪುರದ ಬಿಸಿಲಿಗೆ ಸ್ಟೀರಿಂಗಿನ ಗುಬುಟು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಬಿಸಿಲು ಹೆಚ್ಚಾದರೆ ಕೈಯ ಬಲವೂ ಇಳಿಯುತ್ತಿತ್ತು, ಅದು ಈ ಕಾಯಿಲೆಯ ಸ್ವಭಾವ. RTOದಲ್ಲಿ ಗಾಡಿಯ ತಪಾಸಣೆ ಆಯಿತು, RCಯಲ್ಲಿ ಬದಲಾವಣೆ ನಮೂದಾಯಿತು, ನನ್ನ ಪರೀಕ್ಷೆ ಆಯಿತು. ಪರೀಕ್ಷೆ ತೆಗೆದುಕೊಂಡ ಇನ್ಸ್‌ಪೆಕ್ಟರ್ ಇಳಿಯುವಾಗ "ಮ್ಯಾಡಮ್, ಇದು ನನಗೆ ಬರುವುದಿಲ್ಲ" ಎಂದ.

ನಿವೃತ್ತಿಯ ಫಾರ್ಮಿನ ಹಿಂಬದಿಯ ಖಾಲಿ ಪುಟದಲ್ಲಿ ಡ್ಯೂಟಿಗೆ ಹಾಜರಾಗುತ್ತಿರುವ ಅರ್ಜಿ ಬರೆದುಕೊಂಡು ಹೋಗಿ ನಾನೇ ಕೊಟ್ಟೆ. ಮೇಲಧಿಕಾರಿ ಅದನ್ನು ತಿರುಗಿಸಿ ಎರಡೂ ಕಡೆ ಓದಿದರು. ಕುಶನ್‌ನವರು ಕುಶನ್ ಎತ್ತಿಕೊಂಡು ಎದ್ದರು. ಆ ಕುರ್ಚಿ ನನಗೆ ಬೇಕಾಗಿಯೇ ಇರಲಿಲ್ಲ, ನನ್ನದು ನನ್ನ ಜೊತೆಗೇ ಇತ್ತು. ಆದರೂ ಎಬ್ಬಿಸಿದೆ.

ಇಲ್ಲಿಗೇ ಮುಗಿದಿದ್ದರೆ ನನ್ನಷ್ಟು ಸುಖಿ ಯಾರೂ ಇರುತ್ತಿರಲಿಲ್ಲ.

ಕೆಲಸಕ್ಕೆ ಮರಳಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಚಳಿ ಬಂತು. ಕ್ಯಾಥೆಟರ್ ಹಾಕಿಕೊಳ್ಳುವವರಿಗೆ ಯೂರಿನ್ ಇನ್ಫೆಕ್ಷನ್ ಹೊಸದಲ್ಲ, ಮಾತ್ರೆ ನುಂಗಿ ಮಲಗಿದೆ. ಗಂಟೆಯೊಳಗೆ ಹಲ್ಲು ಕಟಕಟಿಸತೊಡಗಿತು, ಇವರ ಮುಖ ಎರಡೆರಡಾಗಿ ಕಾಣಿಸಿತು. ಆಂಬುಲೆನ್ಸಿನವರು ಬರುತ್ತೇವೆ ಎಂದರು, ಯಾವಾಗ ಎಂದು ಹೇಳಲಿಲ್ಲ. ಒಂದು ಕ್ಯಾಬ್ ಬಂದು, ನನ್ನ ಸ್ಥಿತಿ ನೋಡಿ, ಟ್ರಿಪ್ ರದ್ದು ಮಾಡಿ ಹೋಯಿತು. ಅಂಗಳದಲ್ಲಿ ಕಾರು ನಿಂತಿತ್ತು.

ಇವರು ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಮುಂದೆ ಕೂತರು. ಇಪ್ಪತ್ತೈದು ವರ್ಷ ಗಾಡಿ ಓಡಿಸಿದ ಮನುಷ್ಯ. ಸರಳು ಹಿಡಿದು ಎಳೆದರು. ಕಾರು ನೆಗೆದು ಗೇಟಿಗೆ ಗುದ್ದಿತು. ಸರಳು ಬಿಟ್ಟು, ಎರಡೂ ಕಾಲಿನಿಂದ ತಗಡನ್ನು ಒದೆಯತೊಡಗಿದರು. ಒದೆಯುತ್ತಲೇ ಇದ್ದರು. ಆ ಸದ್ದು ನನಗೆ ಕೇಳಿಸುತ್ತಿತ್ತು. ನಾನೇ ಹಾಕಿಸಿದ್ದು, ನನಗೇ ಮುಳುವಾಯಿತು ಎಂದುಕೊಂಡೆ. ಆಮೇಲೆ ಅವರು ಅಣ್ಣನಿಗೆ ಫೋನ್ ಮಾಡಿದರು.

ಭಾವನವರು ಮಾರುಕಟ್ಟೆಯ ಪಿಕಪ್ ಗಾಡಿ ತೆಗೆದುಕೊಂಡು ಬಂದರು. ಹಿಂದೆ ಅರ್ಧ ಮೆಣಸಿನಕಾಯಿ ಚೀಲ. ನನ್ನನ್ನು ಎತ್ತಿ ಮುಂದಿನ ಸೀಟಿನಲ್ಲಿ ಇವರ ತೊಡೆಯ ಮೇಲೆ ಮಲಗಿಸಿದರು. ದಾರಿಯುದ್ದಕ್ಕೂ ಸೀನಿದೆ. ಪ್ರತಿ ಸೀನಿಗೂ ಒಂದು ಕೈ ಸ್ಟೀರಿಂಗಿನಿಂದ ಬಂದು ನನ್ನ ಹಣೆಗೆ ಅಡ್ಡ ನಿಲ್ಲುತ್ತಿತ್ತು. ಅದು ಭಾವನವರ ಕೈ. ಯಾರು ಹಾಳಾಗಲಿ ಎಂದು ತಿಂಗಳುಗಟ್ಟಲೆ ಡಂಬೆಲ್ ಎತ್ತಿದೆನೋ ಅವರ ಕೈಯಲ್ಲೇ ಬದುಕುವುದು ಎಂಥ ಅವಮಾನ. ಆ ಜ್ವರದಲ್ಲೂ ನನಗೆ ಸಿಟ್ಟು ಬಂತು.

Urosepsis. ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಕ್ಯಾಶುವಾಲಿಟಿಯ ಡಾಕ್ಟರು. ಆರು ದಿನ ಆಸ್ಪತ್ರೆಯಲ್ಲಿದ್ದೆ. ಮೂರನೆಯ ದಿನ ಭಾವನವರು ಎಳನೀರು ಹಿಡಿದು ಬಂದಾಗ "ಉಪಕಾರ ಆತ್ರಿ" ಎಂದೆ. ಸ್ಟ್ರಾ ಚುಚ್ಚಿ ಕೊಟ್ಟು, ಮಾರುಕಟ್ಟೆಯ ಸುದ್ದಿ ಹೇಳಿ ಹೋದರು. ಕಚೇರಿಯಲ್ಲಿ ಹೇಳಿದ ಮಾತಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನಾನೂ ಕ್ಷಮಿಸಿಲ್ಲ. ಜೀವ ಉಳಿಸಿದವರನ್ನು ಕ್ಷಮಿಸಲೇಬೇಕು ಎಂದು ಎಲ್ಲೂ ಬರೆದಿಲ್ಲ. ಕೃತಜ್ಞತೆ ಇದೆ, ಸಿಟ್ಟೂ ಇದೆ. ಎರಡನ್ನೂ ಹೊತ್ತುಕೊಂಡು ಓಡಾಡುವಷ್ಟು ಬಲ ನನ್ನ ತೋಳುಗಳಿಗೆ ಬಂದಿದೆ.

ಮನೆಗೆ ಬಂದ ವಾರ ವಸಂತರಾವ್ ಅವರನ್ನು ಕರೆಸಿದೆ. ತಗಡು ಬಿಚ್ಚಿಸಿ, ಮಡಚುವಂಥದ್ದು ಹಾಕಿಸಿದೆ. ಅದಕ್ಕೊಂದು ಸಣ್ಣ ಬೀಗ. ಒಂದು ಕೀ ಇವರಿಗೆ ಕೊಟ್ಟೆ. "ಇದು ನಿಮಗ. ಯಾರಿಗೂ ಕೊಡಬ್ಯಾಡ್ರಿ," ಎಂದೆ. ಇವರು ಅದನ್ನು ತಮ್ಮ ಜನಿವಾರಕ್ಕೆ ಕಟ್ಟಿಕೊಂಡರು. ಇನ್ನೊಂದು ನನ್ನ ಚೀಲದಲ್ಲಿದೆ.

ಕಳೆದ ಶನಿವಾರ ಭಾವನವರು ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. ಬಾಗಿಲಲ್ಲಿ ನಿಲ್ಲುವ ಮನುಷ್ಯನಲ್ಲ ಅವರು.

"ಸುನಂದಾ, ನಾಳೆ ನಿನ್ನ ಗಾಡಿ ಸಿಗತೈತೇನು? ಬ್ಯಾಡಗಿಯಿಂದ ಇಬ್ಬರು ವ್ಯಾಪಾರದವರು ಬರಾಕತ್ತಾರ. ಸ್ಟೇಶನ್‌ನಿಂದ ಕರ್ಕೊಂಡು ಬರಬೇಕು."

ನಿನ್ನ ಗಾಡಿ ಎಂದರು. ಸಿಗುತ್ತದೆಯೇ ಎಂದು ಕೇಳಿದರು.

"ನಾಳೆ ಆಗೂದಿಲ್ರಿ, ಭಾವಾರ. ನನಗ ಬೇಕು."

"ಹಂಗಾರ ಆತು," ಎಂದು ಹೊರಟುಹೋದರು.

ನಿಜ ಹೇಳುತ್ತೇನೆ. ಭಾನುವಾರ ನನಗೆ ಎಲ್ಲಿಗೂ ಹೋಗುವುದಿರಲಿಲ್ಲ. ಆದರೂ ಬೆಳಿಗ್ಗೆ ಕಾರು ತೆಗೆದು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೋಗಿ ಬಂದೆ. ಮುಂದಿನ ಸಲ ಕೊಡುತ್ತೇನೆ. ಕೇಳಿದರೆ.