ಕಮಾಂಡೆಂಟರ ರಜಾ ಅರ್ಜಿ

ನನ್ನ ಅಣ್ಣ ನಾಲ್ಕು ವರ್ಷ ಒಂದು ದೇಶದ ಮರೀನ್ ಪಡೆಯ ಮುಖ್ಯಸ್ಥನಾಗಿದ್ದ. ಹಡಗಿನಿಂದ ದಡಕ್ಕೆ ಇಳಿದು ಕಾದಾಡುವ ಆ ಪಡೆಗೆ ಅವನೇ ಕಮಾಂಡೆಂಟ್. ದೇರೆಬೈಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿಕೊಂಡೇ ಆ ಕೆಲಸ ನಡೆಸುತ್ತಿದ್ದ. ಆ ದೇಶ ಯಾವ ಭೂಪಟದಲ್ಲೂ ಇಲ್ಲ. ಎಲ್ಲೆಲ್ಲಿಯೋ ಇರುವ ಮೂವತ್ತು ನಲವತ್ತು ಜನ ಇಂಟರ್‌ನೆಟ್ಟಿನಲ್ಲಿ ಸೇರಿ ಕಟ್ಟಿಕೊಂಡ ದ್ವೀಪರಾಷ್ಟ್ರ ಅದು. ಸಂಸತ್ತು, ಸಂವಿಧಾನ, ಗಡಿ ತಕರಾರು ಎಲ್ಲ ಇತ್ತು. ಅಲ್ಲಿನವರು ಯಾರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ನಂತೂರಿನ ರಸ್ತೆಯಲ್ಲಿ ಲಾರಿ ಬಡಿಯುವ ಮೊದಲು ಅಣ್ಣ ನಮ್ಮ ಮಾವನ ಹೋಟೆಲಿನಲ್ಲಿ ಮ್ಯಾನೇಜರ್. ಅವನ ಒಂದು ಮಾತಿಗೆ ಸಪ್ಲಾಯರುಗಳು ಓಡುತ್ತಿದ್ದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವನ ಮಾತು ಕೇಳಲು ಉಳಿದವರು ಅಮ್ಮ ಮತ್ತು ನಾನು. ನಿಜ ಹೇಳಬೇಕೆಂದರೆ ನಾವೂ ಕೇಳುತ್ತಿರಲಿಲ್ಲ. ಯಾವಾಗ ಮಗ್ಗುಲು ಹೊರಳಿಸಬೇಕು, ಯಾವಾಗ ಮೂತ್ರದ ಚೀಲ ಬದಲಿಸಬೇಕು, ಊಟಕ್ಕೆ ಮೀನು ಬೇಕೋ ಗಂಜಿ ಸಾಕೋ, ಎಲ್ಲ ನಾವೇ ತೀರ್ಮಾನಿಸಿಬಿಡುತ್ತಿದ್ದೆವು.

ಈ ಮರೀನ್ ಪಡೆಯ ಹುಚ್ಚು ಕಂಡರೆ ನನಗೆ ಮೈ ಉರಿಯುತ್ತಿತ್ತು. ಶಾಲೆಯಲ್ಲಿ ಪಾಠ ಮಾಡಿ ದಣಿದು ಬಂದರೆ ಇವನು ಫೋನು ಎದೆಯ ಮೇಲಿಟ್ಟುಕೊಂಡು ಯಾರಿಗೋ ಆದೇಶ ಬರೆಯುತ್ತಿರುತ್ತಿದ್ದ.

"ಎಂತ ಸಾಹೇಬರೇ, ಯುದ್ಧ ಮುಗೀಲಿಲ್ವಾ? ಗಂಜಿ ತಣ್ಣಗಾಗ್ತಾ ಉಂಟು," ಎನ್ನುತ್ತಿದ್ದೆ.

"ಸ್ವಲ್ಪ ನಿಲ್ಲು ಮಾರಾಯ್ತಿ. ಇನ್ನೂ ಎರಡು ಹಡಗು ದಡಕ್ಕೆ ಬರ್ಲಿಕ್ಕುಂಟು," ಎನ್ನುತ್ತಿದ್ದ, ತಲೆ ಎತ್ತದೆ.

ಕಳೆದ ವರ್ಷ ಅವನ ಬೆಡ್ ಸೋರ್, ಮಲಗಿ ಮಲಗಿ ಆದ ಹುಣ್ಣು, ಒಳಗೆ ಕೀವಾಗಿ ಜ್ವರ ಏರಿತು. ಆಸ್ಪತ್ರೆಯಲ್ಲಿ ಐಸಿಯುಗೆ ಒಯ್ಯುವ ಮೊದಲು, ಹಲ್ಲು ಕಟಕಟ ಎನ್ನುವ ನಡುಕದಲ್ಲೇ ಫೋನನ್ನು ನನ್ನ ಕೈಗೆ ಕೊಟ್ಟ.

"ಅಲ್ಲಿ ನನ್ನದೊಂದು ರಜೆ ಹಾಕಿ ಬಿಡು. ಏಳು ದಿನ ಹೇಳದೆ ಕೇಳದೆ ಕಾಣದಿದ್ದರೆ ಹುದ್ದೆ ಹೋಗ್ತದೆ. ಮರೀಬೇಡ."

ಜೀವ ಹೋಗುವುದೋ ಉಳಿಯುವುದೋ ಗೊತ್ತಿಲ್ಲದ ಹೊತ್ತಿನಲ್ಲಿ ಅವನಿಗೆ ಆ ಹುದ್ದೆಯದೇ ಚಿಂತೆ. ಆಗ ಮೊದಲ ಬಾರಿಗೆ ನನಗೆ ಅದು ಆಟವಲ್ಲ ಎಂದು ಅನಿಸಿತು. ಮಾಡುವುದಿದ್ದರೆ ಸರಿಯಾಗಿಯೇ ಮಾಡಬೇಕೆಂದುಕೊಂಡೆ.

ರಜಾ ಅರ್ಜಿಯ ವಿಷಯದಲ್ಲಿ ನಾನು ಶಾಲೆಯಲ್ಲಿ ಹೆಸರುವಾಸಿ. 'ಅನಿವಾರ್ಯ ಕಾರಣ' ಎಂದು ಬರೆದು ತಂದರೆ ಮಕ್ಕಳನ್ನು ವಾಪಸು ಕಳಿಸುತ್ತೇನೆ. ಕಾರಣ ಇದ್ದದ್ದು ಇದ್ದ ಹಾಗೆ ಬೇಕು, ಮೂರು ದಿನ ದಾಟಿದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಇಪ್ಪತ್ತು ವರ್ಷದಿಂದ ಇದೇ ನನ್ನ ಕ್ರಮ. ಅಣ್ಣನ ಅರ್ಜಿಯನ್ನೂ ಹಾಗೆಯೇ ಬರೆದೆ. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತು, ಶುದ್ಧ ಇಂಗ್ಲಿಷಿನಲ್ಲಿ: ನಾನು ಕಮಾಂಡೆಂಟರ ತಂಗಿ, ಅವರು ಅಪಘಾತದಲ್ಲಿ ಬೆನ್ನುಹುರಿ ತುಂಡಾಗಿ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ, ಈಗ ಹುಣ್ಣಿನ ಸೋಂಕು ರಕ್ತಕ್ಕೆ ಏರಿದೆ, ದಯವಿಟ್ಟು ಹುದ್ದೆಯನ್ನು ಉಳಿಸಿಕೊಡಿ. ಜೊತೆಗೆ ಸರ್ಟಿಫಿಕೇಟಿನ ಫೋಟೋ. ಅವನ ಹೆಸರು, ವಯಸ್ಸು, ಕಾಯಿಲೆ ಎಲ್ಲ ಸ್ಪಷ್ಟವಾಗಿ ಕಾಣುವ ಹಾಗೆ ಬೆಳಕಿಗೆ ಹಿಡಿದು ತೆಗೆದಿದ್ದೆ.

ಅರ್ಧ ಗಂಟೆಯಲ್ಲಿ ಉತ್ತರಗಳ ಸಾಲು. ಎಷ್ಟು ಒಳ್ಳೆಯ ಜನ! ಯಾರೋ ಓದಿ ಅತ್ತುಬಿಟ್ಟೆ ಎಂದು ಬರೆದಿದ್ದರು, ಯಾರೋ ಚರ್ಚಿನಲ್ಲಿ ಮೋಂಬತ್ತಿ ಹಚ್ಚಿದ್ದರು. ನಾಲ್ಕನೆಯ ದಿನ ಸಂಸತ್ತು ಸೇರಿ ಒಮ್ಮತದ ನಿರ್ಣಯ ಮಾಡಿತು: ಇಷ್ಟು ನೋವಿನಲ್ಲಿರುವವರಿಗೆ ಇನ್ನು ಕೆಲಸದ ಹೊರೆ ಬೇಡ, ಅವರು ಆಜೀವ ಗೌರವ ಕಮಾಂಡೆಂಟ್, ಪಡೆಯ ಹೊಣೆ ಇನ್ನೊಬ್ಬರಿಗೆ. ಬಂಗಾರದ ಬಣ್ಣದ ಪದಕವೊಂದರ ಚಿತ್ರವನ್ನೂ ಬರೆಸಿ ಹಾಕಿದ್ದರು. ಅಮ್ಮನಿಗೂ ಓದಿ ಹೇಳಿದೆ.

ಅಣ್ಣ ಬದುಕಿದ. ವಾರ್ಡಿಗೆ ಬಂದ ಮರುದಿನ ಬೆಳಿಗ್ಗೆ ನಾನೇ ಸಂಭ್ರಮದಿಂದ ಫೋನು ತೆರೆದು ಅವನ ಕಣ್ಣೆದುರು ಹಿಡಿದೆ. ಅವನು ಮೊದಲು ಪದಕ ನೋಡಿದ. ಆಮೇಲೆ ಬೆರಳಲ್ಲಿ ಸರಿಸುತ್ತ ಸರಿಸುತ್ತ ಮೇಲಕ್ಕೆ, ನನ್ನ ಅರ್ಜಿಯವರೆಗೆ ಹೋದ. ಸರ್ಟಿಫಿಕೇಟಿನ ಫೋಟೋವನ್ನು ದೊಡ್ಡದು ಮಾಡಿ ಓದಿದ.

"ಅಲ್ಲಿ ಯಾರಿಗೂ ಗೊತ್ತಿರಲಿಲ್ಲ," ಎಂದ.

"ನಾನು ಸುಳ್ಳು ಬರೀಬೇಕಿತ್ತಾ ಅಣ್ಣ?"

"ಜ್ವರ ಉಂಟು ಅಂತ ಬರೆದಿದ್ರೆ ಸಾಕಿತ್ತಲ್ಲ. ಅದು ಸುಳ್ಳಾ?"

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಮನೆಗೆ ಬಂದ ಮೇಲೆ ಆ ದೇಶಕ್ಕೆ ನಾನೇ ಬರೆದೆ, ಅವನಿಗೆ ಕೆಲಸ ಬೇಕು, ವಾಪಸು ಕೊಡಿ ಎಂದು ಬೇಡಿಕೊಂಡೆ. ವಿಶ್ರಾಂತಿ ತೆಗೆದುಕೊಳ್ಳಲು ಹೇಳಿ, ಅವರ ಆರೋಗ್ಯಕ್ಕಿಂತ ನಮಗೆ ಯಾವುದೂ ದೊಡ್ಡದಲ್ಲ ಎಂದು ಉತ್ತರ ಬಂತು. ಹೊಸ ಕಮಾಂಡೆಂಟ್ ಎರಡು ವಾರ ದಿನಾ ಅಣ್ಣನ ಹುಣ್ಣು ಹೇಗಿದೆ ಎಂದು ವಿಚಾರಿಸಿದ. ದಡಕ್ಕೆ ಹಡಗು ತರುವ ವಿಷಯ ಒಮ್ಮೆಯೂ ಕೇಳಲಿಲ್ಲ.

ಅಣ್ಣ ಈಗ ಫೋನು ಮುಟ್ಟುವುದಿಲ್ಲ. ತುಂಬ ಒಳ್ಳೆಯ ರೋಗಿಯಾಗಿದ್ದಾನೆ ಎಂದು ಡ್ರೆಸಿಂಗಿಗೆ ಬರುವ ನರ್ಸು ಹೇಳುತ್ತಾಳೆ. ಹೊರಳಿಸಿದ ಕಡೆಗೆ ಹೊರಳುತ್ತಾನೆ, ಕೊಟ್ಟದ್ದನ್ನು ಉಣ್ಣುತ್ತಾನೆ. ನಿನ್ನೆ ಶಾಲೆಯಿಂದ ಬಂದು ಅವನಿಗೆ ಒಂದು ಲೋಟ ನೀರು ಕುಡಿಸಿದೆ. ನನಗಿಂತ ಐದು ವರ್ಷ ದೊಡ್ಡವನು, ನಾನು ಹುಟ್ಟಿದಂದಿನಿಂದ ನನ್ನನ್ನು ಗದರಿಸಿಕೊಂಡೇ ಬಂದವನು, ಕುಡಿದು ಮುಗಿಸಿ ನನಗೆ ಥ್ಯಾಂಕ್ಸ್ ಹೇಳಿದ.