ಸೋಮನೂರಿನ ಮೂರನೆಯ ಕೆಲಸಗಾರ್ತಿ

ಕೊರೋನಾ ಕಳೆದ ಮರುವರ್ಷ ನಾನು ತಿರುಪ್ಪೂರಿನ ಒಂದು ರಫ್ತು ಕಂಪನಿಯಲ್ಲಿ ಸಪ್ಲೈಯರ್ ಆಡಿಟರ್ ಆಗಿದ್ದೆ. ಊರು ಹರಿಹರ, ವಾಸ ಕೊಯಮತ್ತೂರಿನ ಪಕ್ಕದ ತುಡಿಯಲೂರಿನ ಬಾಡಿಗೆ ಮನೆ. ನಮ್ಮ ಕಂಪನಿ ಹೊರದೇಶದ ಅಂಗಡಿಗಳಿಗೆ ಅಡುಗೆಮನೆಯ ಟವೆಲ್, ಏಪ್ರನ್ ಕಳಿಸುತ್ತಿತ್ತು. ಅದಕ್ಕೆ ಬಟ್ಟೆ ನೇಯುತ್ತಿದ್ದವರು ಹತ್ತಿರದ ಸೋಮನೂರಿನ ಪವರ್‌ಲೂಮ್ ಮನೆಗಳವರು. ಕೊಳ್ಳುವವರು ಈಗ ಬಟ್ಟೆಯನ್ನಷ್ಟೇ ನೋಡುವುದಿಲ್ಲ. ನೇಯ್ದವರಿಗೆ ಕೂಲಿ ಸಿಕ್ಕಿತೇ, ಅವರ ಕಣ್ಣು ಕಿವಿ ನೆಟ್ಟಗಿವೆಯೇ, ಬಣ್ಣದ ನೀರು ಎಲ್ಲಿಗೆ ಹರಿಯಿತು ಎಂದೂ ಕೇಳುತ್ತಾರೆ. ಈ ನಿಯಮಗಳಿಗೆಲ್ಲ ಸೇರಿ ಸಪ್ಲೈಯರ್ ಕೋಡ್ ಎಂದು ಹೆಸರು. ಅದನ್ನು ಹಿಡಿದುಕೊಂಡು ಶೆಡ್ಡಿನಿಂದ ಶೆಡ್ಡಿಗೆ ಅಲೆಯುವುದು ನನ್ನ ಕೆಲಸ. ಹೋದಲ್ಲೆಲ್ಲ ಕಾಫಿ ಸಿಗುತ್ತಿತ್ತು, ಪ್ರೀತಿ ಸಿಗುತ್ತಿರಲಿಲ್ಲ.

ರಂಗಸ್ವಾಮಿಯವರದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆ. ಮನೆಯ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಅಪ್ಪ ಮತ್ತು ಮಗ ಮುರುಗೇಶ ಮಗ್ಗ ನೋಡಿಕೊಳ್ಳುತ್ತಿದ್ದರು. ಆಡಿಟ್ ಪಾಸಾದರೆ ವರ್ಷವಿಡೀ ನಮ್ಮ ಕಂಪನಿಯ ಕೆಲಸ. ಇಲ್ಲವಾದರೆ ದಲ್ಲಾಳಿ ಕೊಟ್ಟಾಗ ಉಂಟು, ಕೊಡದಿದ್ದಾಗ ಇಲ್ಲ.

ನಾನು ಹೋದಾಗ ಮಗ್ಗಗಳೆಲ್ಲ ನಿಂತಿದ್ದವು. ಮಗ್ಗ ನಿಲ್ಲಿಸಿ ಬರಮಾಡಿಕೊಳ್ಳುವುದು ಆ ಮನೆಯಲ್ಲಿ ಅತಿಥಿಗೆ ಕೊಡುವ ಮರ್ಯಾದೆ. ಆಡಿಟರ್‌ಗೆ ಮಾತ್ರ ಅದು ಅನುಮಾನ ಹುಟ್ಟಿಸುವ ಸಂಗತಿ. ನೆಲ ಗುಡಿಸಿ, ಮಗ್ಗಗಳಿಗೆ ಕುಂಕುಮವಿಟ್ಟು, ಹೆಣ್ಣು ನೋಡಲು ಬಂದ ಬೀಗರನ್ನು ಕೂರಿಸುವಂತೆ ನನ್ನನ್ನು ಕೂರಿಸಿದರು. ಸೊಸೆ ಶಾಂತಾಮಣಿ ಒಳ್ಳೆಯ ಸೀರೆಯುಟ್ಟು ಅಡುಗೆಮನೆಯಲ್ಲಿದ್ದಳು.

"ಮಗ್ಗ ಓಡಿಸಿ. ನಾನು ಸದ್ದು ಅಳೆಯಬೇಕು" ಎಂದೆ.

"ಮೊದಲು ಕಾಫಿ ಕುಡೀರಿ ಅಮ್ಮಣಿ. ತರಿ ಎಲ್ಲಿಗೂ ಓಡಿಹೋಗೋದಿಲ್ಲ" ಎಂದರು ರಂಗಸ್ವಾಮಿ. ಮಗ್ಗಕ್ಕೆ ಅವರು ಹೇಳುವುದು ತರಿ ಎಂದೇ. ಇಲ್ಲಿ ಕೆಲಸ ಮಾಡುವವರು ಯಾರೆಂದು ಕೇಳಿದೆ. "ನಾನು, ನನ್ನ ಮಗ. ಇಬ್ಬರೇ."

ಮಗ್ಗಗಳು ಹೊರಟವು. ನೇಯ್ಗೆಯ ಅಡ್ಡನೂಲನ್ನು ಪುಟ್ಟ ಕಡ್ಡಿಗಳಿಗೆ ಸುತ್ತಿ ಲಾಳಿಯೊಳಗೆ ಇಡಬೇಕು. ಅಲ್ಲಿಯವರು ಅದಕ್ಕೆ ತಾರು ಎನ್ನುತ್ತಾರೆ. ಒಂದು ತಾರು ಮುಗಿದರೆ ಇನ್ನೊಂದು ಹಾಕುತ್ತಲೇ ಇರಬೇಕು. ಸ್ವಲ್ಪ ಹೊತ್ತಿಗೆ ಸುತ್ತಿಟ್ಟ ತಾರುಗಳ ಬುಟ್ಟಿ ಬರಿದಾಯಿತು. ಒಂದು ಮಗ್ಗ ನಿಂತಿತು, ಆಮೇಲೆ ಇನ್ನೊಂದು. ಮುರುಗೇಶ ಅಡುಗೆಮನೆಯ ಕಡೆ ನೋಡಿದ, ಅಪ್ಪ ಮಗನನ್ನು ನೋಡಿದರು. ಕೊನೆಗೆ ಶೆಡ್ಡೆಲ್ಲ ಗಪ್‌ಚಿಪ್. ಮೂಲೆಯ ತಾರು ಸುತ್ತುವ ಯಂತ್ರದ ಮುಂದಿನ ಮಣೆ ಖಾಲಿಯಿತ್ತು.

"ಇದರ ಮುಂದೆ ಕೂರುವವರು ಯಾರು?"

"ನಮ್ಮ ಸೊಸೆನೇ ಅಮ್ಮಣಿ. ಅದೆಲ್ಲ ಒಂದು ವೇಲೆಯಾ? ಮನೆ ಕೆಲಸದ ಜತೇಲಿ ಮಾಡ್ತಾಳೆ."

ಅವರು ಸುಳ್ಳು ಹೇಳಿರಲಿಲ್ಲ. ಅದು ವೇಲೆ, ಅಂದರೆ ಕೆಲಸ, ಎಂದು ಅವರಿಗೆ ಯಾವತ್ತೂ ಅನ್ನಿಸಿಯೇ ಇರಲಿಲ್ಲ. ಕೋಡ್ ಪ್ರಕಾರ ಶೆಡ್ಡಿನಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರೂ ಬರೆದಿರಬೇಕು, ಅವರಿಗೆ ಕೂಲಿ ಸಿಗಬೇಕು, ಕಂಪನಿ ಖರ್ಚಿನಲ್ಲಿ ಕಿವಿಯ ಪರೀಕ್ಷೆಯೂ ಆಗಬೇಕು. ಇಷ್ಟು ಹೇಳಿದ್ದೇ ತಡ, ಮುದುಕರ ಮುಖ ಕೆಂಪಾಯಿತು.

"ಮನೆಗೆ ಬಂದ ಲಕ್ಷ್ಮಿ ಅವಳು. ಕೂಲಿ ಲಿಸ್ಟಲ್ಲಿ ಅವಳ ಹೆಸರು ಹಾಕಿದ್ರೆ ನಮ್ಮ ಜನ ಏನಂದಾರು? ಸೊಸೇನ ಕೂಲಿಗೆ ಇಟ್ಕೊಂಡ ಅನ್ನೋದಿಲ್ವಾ? ನಿಮ್ಮ ಆರ್ಡರೇ ಬೇಡ."

ನಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರಿಗೆ ಬಟ್ಟೆಯ ಅವಸರ. "ಹೌಸ್‌ವೈಫ್ ಅಂತ ಬರೆದು ಮುಗಿಸಿ" ಎಂದರು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಆಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಅಡುಗೆಮನೆಗೆ ಹೋದೆ.

ಶಾಂತಾಮಣಿ ತನ್ನ ಬಲಗಿವಿಯನ್ನು ನನ್ನ ಕಡೆ ತಿರುಗಿಸಿದಳು. "ಕಿವಿ ಟೆಸ್ಟ್ ಅಂದ್ರಲ್ಲ ಅಕ್ಕಾ, ಲಿಸ್ಟಲ್ಲಿ ಇದ್ರೆ ತಾನೇ ಅದು? ಎಡಗಿವಿ ಕೇಳೋದು ಕಮ್ಮಿಯಾಗ್ಬಿಟ್ಟಿದೆ. ಮಕ್ಕಳ ಮಾತು ಅರ್ಧವೇ ಸಿಗ್ತದೆ."

"ಮನೆಯಲ್ಲಿ ಹೇಳಲಿಲ್ಲವಾ?"

"ಯಾವಾಗ ಹೇಳೋದು? ತರಿ ಓಡೋವಾಗ ಯಾರ ಮಾತೂ ಯಾರಿಗೂ ಕೇಳೋದಿಲ್ಲ. ತರಿ ನಿಂತ್ರೆ ಎಲ್ಲಾರೂ ಮಲಗ್ತಾರೆ."

ಹೆಸರು ಬರೆಯುವುದು ನನ್ನ ಕೈಯಲ್ಲಿತ್ತು. ಮಾವ ಆರ್ಡರೇ ಬೇಡವೆಂದರೆ ಅವಳಿಗೆ ಪರೀಕ್ಷೆಯೂ ಇಲ್ಲ, ಮನೆಗೆ ಕೆಲಸವೂ ಇಲ್ಲ. ಅಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೆ ನಡೆದು ಮಣೆಯ ಮೇಲೆ ಕೂತಳು.

"ಮಾವ, ನಾನು ಲಕ್ಷ್ಮಿನೇ ಆಗಿರ್ತೀನಿ. ಆದ್ರೆ ತಾರು ಸುತ್ತೋದು ಯಾರು ಅಂತ ಕೇಳಿದ್ರೆ ನನ್ನ ಹೆಸರು ಹೇಳಿ. ನನಗೆ ಕಿವಿ ತೋರಿಸ್ಕೋಬೇಕು."

ರಂಗಸ್ವಾಮಿ ಖಾಲಿ ಬುಟ್ಟಿಯನ್ನು ಎತ್ತಿ ಸೊಸೆಯ ಮುಂದಿಟ್ಟರು. ಆಮೇಲೆ ನನ್ನ ಕಡೆ ನೋಡದೆಯೇ, "ಬರ್ಕೊಳ್ಳಿ ಅಮ್ಮಣಿ" ಎಂದರು.

ಆ ತಿಂಗಳೇ ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಶಾಂತಾಮಣಿಯ ಪರೀಕ್ಷೆ ಆಯಿತು, ನಾನೂ ಜತೆಗೆ ಹೋಗಿದ್ದೆ. ಎಡಗಿವಿಯಲ್ಲಿ ಹೋದದ್ದು ಮರಳುವುದಿಲ್ಲ, ಬಲಗಿವಿಯನ್ನಾದರೂ ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಅವಳು ಔಷಧಿ ಅಂಗಡಿಗೆ ಹೋದಾಗ ಮುರುಗೇಶ ನನ್ನ ಪಕ್ಕ ಬಂದು ಕೂತ. ಅವನ ಕಣ್ಣು ತುಂಬಿತ್ತು.

"ಕರೆದ್ರೆ ತಿರುಗ್ತಾನೇ ಇರ್ಲಿಲ್ಲ ಅಕ್ಕಾ. ತಿಮಿರು, ಸೊಕ್ಕು ಅಂದ್ಕೊಂಡೆ. ಅದಕ್ಕೇ ನಾನೂ ಮಾತಾಡೋದು ಬಿಟ್ಬಿಟ್ಟಿದ್ದೆ."

ಸಪ್ಲೈಯರ್ ಕೋಡ್ ಬಗ್ಗೆ ನನಗೆ ಈಗಲೂ ಅತಿಭಕ್ತಿಯಿಲ್ಲ. ಅದರ ಅರ್ಧ ಇರುವುದು ಹೊರದೇಶದ ಅಂಗಡಿಗಳ ಮಾನ ಉಳಿಸಲಿಕ್ಕೆ. ಆದರೂ ಆ ಕೆಲಸ ನನಗೆ ಒಂದು ಮಾತು ಕಲಿಸಿತು. ಲಕ್ಷ್ಮಿ ಎಂದು ಕರೆಯುತ್ತಿದ್ದಷ್ಟು ವರ್ಷವೂ ಆ ಮನೆಯಲ್ಲಿ ಯಾರೂ ಅವಳ ಕಿವಿ ನೋಡಿರಲಿಲ್ಲ; ಕೆಲಸಗಾರ್ತಿ ಎಂದು ಬರೆದ ಮೇಲೆ ನೋಡಿದರು.