ಚಿತ್ರಕ್ಕೆ ನಿಂತ ಓಣಿ

ಕೋಪನ್‌ಹೇಗನ್ನಿನ ಕಾಲುವೆ ಪಕ್ಕದ ಹಗ್ಗದವರ ಓಣಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಸಿಡ್ಸೆಲ್‌ಗೆ ಬಾಯಿ ಎರಡು ಕೆಲಸಕ್ಕೆ ಬರುತ್ತಿತ್ತು. ಒಂದು, ಮರದ ಕ್ಲಿಪ್ಪುಗಳನ್ನು ಕಚ್ಚಿಕೊಳ್ಳುವುದಕ್ಕೆ, ಇನ್ನೊಂದು, ಜಗಳಕ್ಕೆ. ಎರಡೂ ಒಟ್ಟಿಗೆ ಆಗದ್ದರಿಂದ ಬಿಸಿಲಿದ್ದ ದಿನ ಓಣಿ ತಣ್ಣಗಿರುತ್ತಿತ್ತು.

ಅವಳ ತಾಯಿ ಮೆಟ್ಟೆಯೂ ಇದೇ ಓಣಿಯಲ್ಲಿ, ಇದೇ ಕೊಕ್ಕೆಗಳಿಗೆ ಹಗ್ಗ ಕಟ್ಟಿ ಬಾಳು ಸವೆಸಿದವಳು. ಮೆಟ್ಟೆ ಬಟ್ಟೆ ಹರವುವಾಗ ಹಿಂದೆ ಒದ್ದೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದವಳು ಪುಟ್ಟ ಸಿಡ್ಸೆಲ್. ತಾಯಿ ಸತ್ತ ಮೇಲೆ ಬುಟ್ಟಿಯನ್ನು ನೆಲಕ್ಕಿಟ್ಟು, ತಾನೇ ಹಗ್ಗದ ಮುಂದೆ ನಿಂತಳು, ಅಷ್ಟೇ ವ್ಯತ್ಯಾಸ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಅದೃಷ್ಟ ಖುಲಾಯಿಸಿತು. ಕ್ರಾಗ್ ಎಂಬ ಸಿರಿವಂತರ ಮನೆಯ ದೊಡ್ಡ ಒಗೆತ ಅವಳ ಪಾಲಿಗೆ ಬಂತು. ದೊಡ್ಡ ಮನೆಗಳಲ್ಲಿ ಅರ್ಧ ವರ್ಷದ ಬಟ್ಟೆ ಕೂಡಿಟ್ಟು ಒಂದೇ ಸಲ ಒಗೆಸುತ್ತಾರೆ. ಸಾಲದ್ದಕ್ಕೆ ಆ ಮನೆಯ ಮಗಳ ಮದುವೆ ಬೇರೆ. ಹಾಸು ಹೊದಿಕೆ ಬೆಳ್ಳಗೆ, ಬಿಸಿಲಿನ ವಾಸನೆಯೊಂದಿಗೆ ಹೋದರೆ ಆ ಮನೆಯ ಒಗೆತ ಅವಳು ಸಾಯುವ ತನಕ ಅವಳದೇ. ಇಲ್ಲದಿದ್ದರೆ ಮುಂದಿನ ಚಳಿಗಾಲ ಮೀನಂಗಡಿಯಲ್ಲಿ ಹೆರಿಂಗ್ ಮೀನಿಗೆ ಉಪ್ಪು ಸವರುವ ಕೂಲಿಯೇ ಗತಿ.

ಕೆಟ್ಟ ಗಳಿಗೆ ನೋಡಿ, ಲಾರಿಟ್ಸ್ ಎಂಬ ಚಿತ್ರಗಾರ ಓಣಿಯ ತುದಿಯ ಅಟ್ಟವನ್ನು ಬಾಡಿಗೆಗೆ ಹಿಡಿದದ್ದೂ ಆಗಲೇ. ಕೆಳಗೆ ರೊಟ್ಟಿ ಕೊಳ್ಳುವಾಗ ಬೇಕರಿಯ ರಾವ್ನ್ ಯಜಮಾನನಿಗೆ ಒಂದು ಮಾತು ಹೇಳಿಬಿಟ್ಟ:

"ನಿಮ್ಮ ಓಣೀನ ಇದ್ದ ಹಾಗೇ ಬರೀಬೇಕು ಅಂತ ಬಂದಿದೀನಿ."

"ಇದ್ದ ಹಾಗಾ! ಇದ್ದ ಹಾಗೆ ಯಾರಾದ್ರೂ ಚಿತ್ರ ಬರೆಸ್ಕೋತಾರೇನ್ರೀ? ನಮ್ಮಜ್ಜ ಬರೆಸ್ಕೊಂಡಾಗ ಬೆಳ್ಳಿ ಗುಂಡಿ ಕೋಟು ಕಡ ತಂದಿದ್ರು," ಎಂದ ರಾವ್ನ್. ಚಿತ್ರವೆಂದರೆ ಅಲ್ಲಿಯವರೆಗೆ ರಾಜರದು, ಯುದ್ಧದ್ದು, ರೋಮಿನ ಹಾಳು ಕಂಬಗಳದ್ದು. ಮೊದಲ ಬಾರಿಗೆ ಓಣಿಗೆ ಮರ್ಯಾದೆ ಬಂದಿರುವಾಗ ಸುಮ್ಮನಿರುವುದುಂಟೆ? ಸಂಜೆಯೇ ನೀರಿನ ಪಂಪಿನ ಹತ್ತಿರ ಪಂಚಾಯ್ತಿ ಸೇರಿತು. ಗೋಡೆಗೆ ಸುಣ್ಣ, ಮಕ್ಕಳ ತಲೆಗೆ ಬಾಚಣಿಗೆ, ಹಂದಿಗೆ ಹಿತ್ತಿಲು. ಚಿತ್ರ ಮುಗಿಯುವ ತನಕ ಒಗೆದ ಬಟ್ಟೆ ಬೀದಿಗೆ ಬರಕೂಡದು.

"ಕ್ರಾಗ್ ಮನೆ ಬಟ್ಟೇನ ಎಲ್ಲಿ ಒಣಗಿಸ್ಲಿ ಯಜಮಾನ್ರೇ? ನಿಮ್ಮ ಮೂಗಿನ ಮೇಲಾ?" ಎಂದಳು ಸಿಡ್ಸೆಲ್.

"ಮನೆ ಒಳಗೆ ಒಣಗಿಸ್ಕೋ. ಊರೋರ ಒಳಚಡ್ಡಿ ಚಿತ್ರದಲ್ಲಿ ಹಾರಾಡಿದ್ರೆ ಓಣಿ ಮಾನ ಏನಾಗ್ಬೇಕು!"

ಹತ್ತು ಬಾಯಿ ಒಂದಾದ ಕಡೆ ಒಂದು ಬಾಯಿ ಏನು ಮಾಡೀತು? ಹಗ್ಗಗಳು ಇಳಿದವು. ಮಾರನೆಯ ದಿನದಿಂದ ಓಣಿಗೆ ಓಣಿಯೇ ಭಾನುವಾರದ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತಿತು. ರಾವ್ನ್ ಕರಿ ಹ್ಯಾಟು ಹಾಕಿಕೊಂಡೇ ಹಿಟ್ಟು ನಾದಿದ. ಮೀನು ಮಾರುವವಳು ಕೂಗುವುದನ್ನೇ ಬಿಟ್ಟಳು. ದಿನಗಳು ಉರುಳಿದವು. ಚಿತ್ರಗಾರ ಕಿಟಕಿಯಲ್ಲಿ ಗಲ್ಲಕ್ಕೆ ಕೈಯಿಟ್ಟು ಕೂತಿದ್ದನೇ ಹೊರತು ಕುಂಚ ಎತ್ತಿದ್ದನ್ನು ಯಾರೂ ಕಾಣಲಿಲ್ಲ.

ಇತ್ತ ಸಿಡ್ಸೆಲ್‌ಳ ಕೋಣೆಯಲ್ಲಿ ಒದ್ದೆ ಬಟ್ಟೆಗಳು ಒಲೆಯ ಹೊಗೆ ಕುಡಿಯುತ್ತಾ ಮುಗ್ಗಲು ಹಿಡಿದವು. ಕ್ರಾಗ್ ಮನೆಯ ಕೆಲಸದವಳು ಗುಂಡೆಲ್ ಬಂದು ಮೂಸಿ ನೋಡಿ ಮುಖ ಕಿವುಚಿದಳು.

"ಇದೇನು ಸಿಡ್ಸೆಲ್, ಹೊಗೆ ಹಾಕಿದ ಈಲ್ ಮೀನಿನ ವಾಸನೆ! ಮದುಮಗಳು ಇದರ ಮೇಲೆ ಮಲಗ್ಬೇಕಾ? ಶನಿವಾರದೊಳಗೆ ಸರಿ ಮಾಡು. ಇಲ್ದಿದ್ರೆ ಬುಟ್ಟಿ ಸಮೇತ ಬೇರೆಯವಳ ಮನೆಗೆ."

ಸಿಡ್ಸೆಲ್‌ಳ ಸಿಟ್ಟು ನೆತ್ತಿಗೇರಿತು. ತೋಳು ಮಡಚಿಕೊಂಡು ಸೀದಾ ಅಟ್ಟ ಹತ್ತಿದಳು.

ಹಲಗೆಯ ಮೇಲೆ ಚಿತ್ರವಿತ್ತು. ಆಕಾಶ ಮುಗಿದಿತ್ತು, ಹಂಚು ಮುಗಿದಿತ್ತು, ಹಿಂದೆ ಹಡಗಿನ ಕಂಬಗಳೂ ಮುಗಿದಿದ್ದವು. ನಟ್ಟನಡುವೆ ಮಾತ್ರ ಖಾಲಿ.

"ಯಾವಾಗಪ್ಪಾ ಮುಗಿಸ್ತೀಯ? ನನ್ನ ಅನ್ನಕ್ಕೆ ಕಲ್ಲು ಬೀಳ್ತಿದೆ ಇಲ್ಲಿ!"

"ನಾನೂ ಕಾಯ್ತಾ ಇದೀನಮ್ಮ," ಎಂದ ಲಾರಿಟ್ಸ್ ಅಳುಮೋರೆ ಮಾಡಿ. "ಬಂದ ದಿನ ಇಲ್ಲೊಂದು ಓಣಿ ಇತ್ತು. ಅಡ್ಡಕ್ಕೆ ಬಿಳಿ ಬಟ್ಟೆ, ಅದರೊಳಗೆ ತುಂಬಿದ ಬಿಸಿಲು, ಕೈ ಮೇಲೆತ್ತಿ ಹರವ್ತಾ ಇದ್ದ ಒಬ್ಬ ಹೆಂಗಸು. ಈಗ ನೋಡಿದ್ರೆ ಎಲ್ರೂ ಸಾವಿನ ಮನೆಗೆ ಹೊರಟೋರ ಹಾಗೆ ನಿಂತಿದಾರೆ. ಆ ಹೆಂಗಸು ಊರು ಬಿಟ್ಟು ಹೋದ್ಳಾ?"

ಅವನು ಕಂಡದ್ದು ಅವಳ ಬೆನ್ನನ್ನು ಮಾತ್ರ. ಎದುರಿಗೇ ನಿಂತವಳ ಗುರುತು ಹತ್ತಲಿಲ್ಲ.

"ಅಯ್ಯೋ ನಿನ್ನ! ಬಟ್ಟೆ ಹರವಿ ಅಂತ ಒಂದು ಮಾತು ಹೇಳೋಕೆ ಬಾಯಿಗೆ ಬೀಗ ಹಾಕಿತ್ತಾ?"

"ಹೇಳಿ ಮಾಡಿಸಿದ್ರೆ ಅದು ಇದ್ದ ಹಾಗೆ ಆಗುತ್ತಾ ಅಮ್ಮ?"

ಸಿಡ್ಸೆಲ್ ನಕ್ಕ ನಗುವಿಗೆ ಕೆಳಗೆ ರಾವ್ನ್ ಹ್ಯಾಟು ಸರಿಮಾಡಿಕೊಂಡನಂತೆ. ಅವಳು ದಡದಡ ಇಳಿದು, ಬಟ್ಟೆಯನ್ನೆಲ್ಲ ಮತ್ತೊಮ್ಮೆ ಕುದಿಸಿ ಜಾಲಿಸಿ, ಬೆಳಕು ಹರಿಯುವ ಹೊತ್ತಿಗೆ ತಾಯಿಯ ಕೊಕ್ಕೆಗಳಿಗೆ ಹಗ್ಗ ಬಿಗಿದಳು. ಕಾಲುವೆಯ ಗಾಳಿಗೆ ಕ್ರಾಗ್ ಮನೆಯ ಹಾಸು ಹೊದಿಕೆ ಪಟಪಟ ಹೊಡೆದುಕೊಂಡವು.

"ಇಳಿಸೇ ಅದನ್ನ! ಚಿತ್ರ ಕೆಡುತ್ತೆ!" ರಾವ್ನ್ ಮುಷ್ಟಿ ಎತ್ತಿಕೊಂಡು ಓಡಿಬಂದ. ಹಿತ್ತಿಲ ಹಂದಿಯೂ ತಪ್ಪಿಸಿಕೊಂಡು ಬಂತು, ಮೀನಿನವಳು ತಡೆಯಲಾರದೆ ಕೂಗಿದಳು. ಸಿಡ್ಸೆಲ್‌ಳ ಬಾಯಿ ತುಂಬ ಕ್ಲಿಪ್ಪುಗಳು.

"ಯಾರೂ ಏನೂ ಮುಟ್ಬೇಡಿ!" ಅಟ್ಟದಿಂದ ಕೂಗು ಕೇಳಿತು. ಅಂದು ಲಾರಿಟ್ಸ್ ಊಟಕ್ಕೂ ಇಳಿಯಲಿಲ್ಲ.

ಶನಿವಾರ ಗುಂಡೆಲ್ ಹೊದಿಕೆಯಲ್ಲಿ ಮೂಗು ಹುದುಗಿಸಿ, ಎತ್ತುವುದಕ್ಕೆ ಮನಸ್ಸಿಲ್ಲದೆ, "ವಸಂತದ ಒಗೆತಕ್ಕೂ ನೀನೇ ಬಾ," ಎಂದಳು. ಸಿಡ್ಸೆಲ್ ಮನೆಗೆ ಬಂದು ಒಬ್ಬಳೇ ಕುಣಿದಳು.

ಆ ವಸಂತದಲ್ಲಿ ಅರಮನೆಯ ಚಿತ್ರಪ್ರದರ್ಶನಕ್ಕೆ ಓಣಿಯೆಲ್ಲ ಹೋಯಿತು, ಅದೇ ಭಾನುವಾರದ ಬಟ್ಟೆಯಲ್ಲಿ. ಒಬ್ಬರನ್ನೊಬ್ಬರು ತಳ್ಳಿಕೊಂಡು ಲಾರಿಟ್ಸ್‌ನ ಚಿತ್ರದಲ್ಲಿ ತಮ್ಮನ್ನು ತಾವು ಹುಡುಕಿದರು.

"ಇದು ನಾನಾ? ನೊಣ ಕೂತಿದೆ ಅಂದ್ಕೊಂಡಿದ್ದೆ," ಎಂದ ರಾವ್ನ್. "ಹಂದಿ ನೋಡು, ನನಗಿಂತ ದಪ್ಪ ಬಂದಿದೆ!"

ಸಿಡ್ಸೆಲ್ ನಗಲಿಲ್ಲ. ಬಿಸಿಲು ತುಂಬಿದ ಬಿಳಿ ಬಟ್ಟೆಗಳ ಮುಂದೆ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಳು. ಕೈಯೆರಡೂ ಮೇಲೆ, ಬಲಭುಜ ಕೊಂಚ ಜೋತಿತ್ತು, ಕತ್ತಿನ ಹತ್ತಿರ ಕೂದಲು ಬಿಚ್ಚಿತ್ತು.

"ಅವ್ವಾ," ಎಂದಳು.

"ಅದು ನೀನೇ ಕಣೇ, ಮಂಕೇ," ಎಂದ ರಾವ್ನ್.

ಅವಳಿಗೂ ಗೊತ್ತಿತ್ತು. ಆದರೆ ತನ್ನ ಬೆನ್ನನ್ನು ಅವಳು ಯಾವತ್ತು ಕಂಡಿದ್ದಳು? ಕಂಡಿದ್ದೆಲ್ಲ ಮೆಟ್ಟೆಯದೇ. ಉಳಿದವರು ಮುಂದಿನ ಕೋಣೆಗೆ ಹೋದರೂ ಸಿಡ್ಸೆಲ್ ಆ ಬೆನ್ನಿನ ಹಿಂದೆ, ಬುಟ್ಟಿ ಹಿಡಿದವಳ ಹಾಗೆ, ನಿಂತೇ ಇದ್ದಳು.